ಕಂಪ್ಯೂಟರಿನಿಂದ ಟಿವಿಗೆ: ಕೇಬಲ್ ಕೊಳ್ಳುವ ಮೊದಲು ಎರಡರ ಬೆನ್ನನ್ನೂ ನೋಡಿ

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಲು ಹೋಗಿ ಕೈಚೆಲ್ಲಿದವರ ಡ್ರಾಯರ್ ತೆಗೆದರೆ ಸಾಮಾನ್ಯವಾಗಿ ಮೂರು ಬಗೆಯ ಕೇಬಲ್ ಸಿಗುತ್ತವೆ. ಒಂದು ತುದಿಗೆ ಪೆನ್‌ಡ್ರೈವ್‌ನಂಥ ಚಪ್ಪಟೆ ಯುಎಸ್‌ಬಿ, ಇನ್ನೊಂದು ತುದಿಗೆ ಎಚ್‌ಡಿಎಂಐ ಇರುವ ವೈರು. ನಡುವೆ ಯಾವ ಡಬ್ಬಿಯೂ ಇಲ್ಲದ ವಿಜಿಎ–ಎಚ್‌ಡಿಎಂಐ ವೈರು. ಬರೀ ಚಾರ್ಜಿಂಗ್ ಮತ್ತು ಡೇಟಾಕ್ಕಿರುವ ಸಿ-ಟೈಪ್ ಪೋರ್ಟಿಗೆಂದು ತಂದ ಸಿ–ಎಚ್‌ಡಿಎಂಐ ಕೇಬಲ್. ಮೂರೂ ಸಲೀಸಾಗಿ ಕೂರುತ್ತವೆ, ಮೂರರಲ್ಲೂ ಚಿತ್ರ ಬರುವುದಿಲ್ಲ. ತಪ್ಪು ಒಂದೇ: ಮೊದಲು ಕೇಬಲ್ ಕೊಂಡು, ಆಮೇಲೆ ಪೋರ್ಟ್ ನೋಡಿದ್ದು.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯ ಅಂಗಡಿಗಳಲ್ಲಿ ಸಾಧಾರಣ ಎಚ್‌ಡಿಎಂಐ ಕೇಬಲಿಗೆ ತೊಂದರೆಯಿಲ್ಲ. ಸ್ವಲ್ಪ ಬೇರೆ ಜಾತಿಯದು ಬೇಕಾದರೆ ಮೈಸೂರಿಗೆ ಹೇಳಿ ಕಳಿಸಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಬೇಕು. ತೋಟದೊಳಗಿನ ಮನೆಗೆ ಪಾರ್ಸೆಲ್ ಮುಟ್ಟುವುದೇ ಒಂದು ಸಾಹಸ, ವಾಪಸ್ ಕಳಿಸುವುದು ಇನ್ನೊಂದು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ದುಡ್ಡು ಕೊಡುವ ಹೊತ್ತು ಐದನೆಯ ಹಂತ ಮುಗಿದ ಮೇಲೆ.

ಕೈಯಲ್ಲಿ ಇರಬೇಕಾದ್ದು: ಟಾರ್ಚು, ಅಳತೆ ಟೇಪು, ಹತ್ತು ಹದಿನೈದು ಮೀಟರ್ ದಾರ, ಫೋಟೊ ತೆಗೆಯಲು ಮೊಬೈಲ್, ಸಣ್ಣ ಒಣ ಬ್ರಷ್ಷು.

ಹಂತ 1: ಟಿವಿಯ ಬೆನ್ನು ಓದಿ

ಗೋಡೆಗೆ ಹಾಕಿದ ಟಿವಿಯಾದರೆ ಮೊಬೈಲನ್ನು ಸಂದಿಗೆ ತೂರಿಸಿ ಫೋಟೊ ತೆಗೆಯಿರಿ. ಪೋರ್ಟಿನ ಆಕಾರದಷ್ಟೇ ಅದರ ಪಕ್ಕ ಅಚ್ಚಾದ ಅಕ್ಷರವೂ ಮುಖ್ಯ. ‘ಎಸ್‌ಟಿಬಿ’ ಎಂದಿರುವುದು ಸೆಟ್‌ಟಾಪ್ ಬಾಕ್ಸಿಗೆಂದು ಸೂಚಿಸಿದ್ದು, ಕಂಪ್ಯೂಟರಿಗೂ ನಡೆಯುತ್ತದೆ. ‘ಎಆರ್‌ಸಿ’ (ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ ಕಳಿಸುವ ಪೋರ್ಟು) ಎಂದಿರುವುದೂ ನಡೆಯುತ್ತದೆ, ಆದರೆ ಸೌಂಡ್‌ಬಾರ್ ಇದ್ದರೆ ಅದಕ್ಕೆ ಬಿಟ್ಟುಬಿಡಿ. 4ಕೆ ಟಿವಿಗಳಲ್ಲಿ ಕೆಲವೊಮ್ಮೆ ಒಂದೆರಡು ಪೋರ್ಟಿಗೆ ಮಾತ್ರ ಪೂರ್ಣ ವೇಗ ಇರುತ್ತದೆ. ಅಲ್ಲಿ ‘4ಕೆ 60 ಹರ್ಟ್ಜ್’ ಅಥವಾ ‘120 ಹರ್ಟ್ಜ್’ ಎಂದು ಬರೆದಿರುತ್ತದೆ (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕ). ಆ ಪೋರ್ಟನ್ನೇ ಹಿಡಿಯಿರಿ.

ಪೋರ್ಟ್ ನೇರ ಗೋಡೆಗೆ ಮುಖ ಮಾಡಿದ್ದರೆ ಟಿವಿಗೂ ಗೋಡೆಗೂ ಎಷ್ಟು ಸಂದಿ ಇದೆ ಎಂದು ಅಳೆಯಿರಿ. ಎಚ್‌ಡಿಎಂಐ ತಲೆ ಮತ್ತು ಅದರ ಹಿಂದಿನ ವೈರಿನ ಬಾಗು ಸೇರಿ ಆರೇಳು ಸೆಂಟಿಮೀಟರ್ ಬೇಡುತ್ತದೆ. ಅಷ್ಟಿಲ್ಲದಿದ್ದರೆ ಎಲ್ ಆಕಾರದ ಅಡಾಪ್ಟರ್ ಬೇಕು. ಅದರಲ್ಲೂ 90 ಡಿಗ್ರಿ, 270 ಡಿಗ್ರಿ ಎಂದು ಎರಡು ಬಗೆ. ಒಂದು ಕೆಳಕ್ಕೆ ತಿರುಗಿದರೆ ಇನ್ನೊಂದು ಮೇಲಕ್ಕೆ. ತಪ್ಪಿದ್ದನ್ನು ತಂದರೆ ವೈರು ಪಕ್ಕದ ಪೋರ್ಟಿಗೆ ಅಡ್ಡ ನಿಲ್ಲುತ್ತದೆ.

ಹಳೆಯ ಡಬ್ಬಿ ಟಿವಿಯಾದರೆ ಹಳದಿ, ಬಿಳಿ, ಕೆಂಪು ತೂತು ಮಾತ್ರ ಇರುತ್ತವೆ. ಅದರ ವಿಷಯ ಮೂರನೆಯ ಹಂತದಲ್ಲಿ.

ಹಂತ 2: ಕಂಪ್ಯೂಟರಿನಲ್ಲಿ ಚಿತ್ರ ಹೊರಡುವ ತೂತು ಯಾವುದು?

ಇಲ್ಲೇ ಹೆಚ್ಚು ಜನ ಎಡವುವುದು, ಸ್ವಲ್ಪ ನಿಧಾನವಾಗಿ ನೋಡಿ.

ಎಚ್‌ಡಿಎಂಐ: ಸುಮಾರು 14 ಮಿಲಿಮೀಟರ್ ಅಗಲ, ಕೆಳಗಿನ ಎರಡೂ ಮೂಲೆ ಓರೆ. ಇದರದ್ದೇ ಚಿಕ್ಕ ರೂಪ ಮಿನಿ ಎಚ್‌ಡಿಎಂಐ, ಇನ್ನೂ ಚಿಕ್ಕದು ಮೈಕ್ರೊ. ರಾಸ್ಪ್‌ಬೆರಿ ಪೈ 4ರಲ್ಲಿರುವುದು ಮೈಕ್ರೊ. ಮೈಕ್ರೊವನ್ನು ಹಳೆಯ ಮೊಬೈಲ್ ಚಾರ್ಜರಿನ ಮೈಕ್ರೊ ಯುಎಸ್‌ಬಿ ಎಂದು ಭ್ರಮಿಸಿ ಒತ್ತಿ ತುರುಕಬೇಡಿ, ಒಳಗಿನ ನಾಲಿಗೆ ಮುರಿಯುತ್ತದೆ.

ಡಿಸ್‌ಪ್ಲೇಪೋರ್ಟ್: ನೋಡಲು ಎಚ್‌ಡಿಎಂಐಯಂತೆಯೇ, ಆದರೆ ಒಂದೇ ಮೂಲೆ ಕತ್ತರಿಸಿರುತ್ತದೆ. ಡೆಸ್ಕ್‌ಟಾಪ್ ಮತ್ತು ಕಚೇರಿ ಮಾದರಿಯ ಕಂಪ್ಯೂಟರುಗಳಲ್ಲಿ ಹೆಚ್ಚು. ಹಳೆಯ ಮ್ಯಾಕ್‌ಬುಕ್‌ಗಳಲ್ಲಿ ಇದರ ಪುಟ್ಟ ರೂಪವಾದ ಮಿನಿ ಡಿಸ್‌ಪ್ಲೇಪೋರ್ಟ್ ಇರುತ್ತದೆ.

ಸಿ-ಟೈಪ್: ಹೊರಗಿನಿಂದ ಎಲ್ಲವೂ ಒಂದೇ, ಒಳಗಿನ ಕಥೆ ಬೇರೆ ಬೇರೆ. ಪಕ್ಕದಲ್ಲಿ ಮಿಂಚಿನ ಬಾಣದ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಬರುತ್ತದೆ. ‘ಡಿ’ ಮತ್ತು ‘ಪಿ’ ಹೆಣೆದ ಗುರುತಿದ್ದರೂ ಬರುತ್ತದೆ. ಬ್ಯಾಟರಿ ಗುರುತು ಅಥವಾ ‘ಎಸ್‌ಎಸ್’ ಎಂದು ಮಾತ್ರ ಇದ್ದರೆ ನಂಬಬೇಡಿ. ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹುಡುಕಿ, ಪೋರ್ಟುಗಳ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ (ಸಿ-ಟೈಪ್ ಮೂಲಕ ಚಿತ್ರ ಕಳಿಸುವ ಸೌಲಭ್ಯ) ಎಂಬ ಮಾತು ಇದೆಯೇ ನೋಡಿ. ಇಲ್ಲವಾದರೆ ಆ ಪೋರ್ಟಿನಲ್ಲಿ ಚಿತ್ರ ಹೊರಡುವ ದಾರಿಯೇ ಇಲ್ಲ. ಸಾದಾ ಸಿ–ಎಚ್‌ಡಿಎಂಐ ಕೇಬಲ್ ಎಷ್ಟು ಬೆಲೆಯದಾದರೂ ಅಷ್ಟೇ. ಒಂದೇ ಹೆಸರಿನ ಸರಣಿಯಲ್ಲಿ ಒಂದು ಮಾಡೆಲಿಗೆ ಇದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು, ಹಾಗಾಗಿ ಕೊನೆಯ ಅಂಕೆ ಅಕ್ಷರದವರೆಗೂ ಹೊಂದಿಸಿ.

ವಿಜಿಎ: ಸಾಮಾನ್ಯವಾಗಿ ನೀಲಿ, ಮೂರು ಸಾಲಿನಲ್ಲಿ 15 ತೂತು, ಎರಡು ಬದಿಗೆ ಸ್ಕ್ರೂ. ಇದರಲ್ಲಿ ಧ್ವನಿ ಹೋಗುವುದಿಲ್ಲ. ಡಿವಿಐ: ಬಿಳಿ, ಅಗಲ, ಒಂದು ತುದಿಗೆ ಚಪ್ಪಟೆ ಸೀಳು.

ಚಪ್ಪಟೆ ಯುಎಸ್‌ಬಿ: ಇದರಿಂದ ನೇರವಾಗಿ ಚಿತ್ರ ಹೊರಡುವುದಿಲ್ಲ. ಒಳಗೆ ಪ್ರತ್ಯೇಕ ಚಿಪ್ಪು ಇರುವ, ಡ್ರೈವರ್ ಹಾಕಿಕೊಳ್ಳಬೇಕಾದ ಅಡಾಪ್ಟರ್ ಮಾತ್ರ ಕೆಲಸ ಮಾಡುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಅದು.

ಡೆಸ್ಕ್‌ಟಾಪಿನವರಿಗೆ ಒಂದು ಎಚ್ಚರಿಕೆ. ಡಬ್ಬದ ಹಿಂದೆ ಎರಡು ಕಡೆ ಎಚ್‌ಡಿಎಂಐ ಇರಬಹುದು: ಮೇಲೆ ಯುಎಸ್‌ಬಿಗಳ ಗುಂಪಿನಲ್ಲಿ ಒಂದು, ಕೆಳಗೆ ಅಡ್ಡಪಟ್ಟಿಯಲ್ಲಿ ಇನ್ನೊಂದು. ಕೆಳಗಿನದು ಗ್ರಾಫಿಕ್ಸ್ ಕಾರ್ಡಿನದು, ಕಾರ್ಡ್ ಇದ್ದರೆ ಅದಕ್ಕೇ ಹಾಕಿ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದೇ ಇಲ್ಲ, ಅಂಥದ್ದರಲ್ಲಿ ಮೇಲಿನ ತೂತು ಖಾಲಿ ಅಲಂಕಾರ.

ಹಂತ 3: ಎಲ್ಲಿಂದ ಎಲ್ಲಿಗೆ ಎಂದು ಬರೆದು ಜೋಡಿ ಹೊಂದಿಸಿ

ಚೀಟಿಯಲ್ಲಿ ‘ಕಂಪ್ಯೂಟರಿನ ಪೋರ್ಟು → ಟಿವಿಯ ಪೋರ್ಟು’ ಎಂದು ಬಾಣದ ಸಮೇತ ಬರೆಯಿರಿ. ಅಂಗಡಿಗೆ ಈ ಚೀಟಿಯನ್ನೂ ಫೋಟೊಗಳನ್ನೂ ಒಯ್ಯಿರಿ. ಬಾಣ ಏಕೆಂದರೆ, ಎರಡು ಬೇರೆ ಜಾತಿಯ ತುದಿಗಳಿರುವ ಕೇಬಲುಗಳಲ್ಲಿ ಬಹುಪಾಲು ಒಂದೇ ದಿಕ್ಕಿಗೆ ನಡೆಯುತ್ತವೆ.

ಎಚ್‌ಡಿಎಂಐ → ಎಚ್‌ಡಿಎಂಐ: ಸಾದಾ ಕೇಬಲ್. ಯೋಚನೆಯೇ ಬೇಡ, ನಾಲ್ಕನೆಯ ಹಂತಕ್ಕೆ ಹೋಗಿ.

ಡಿಸ್‌ಪ್ಲೇಪೋರ್ಟ್ → ಎಚ್‌ಡಿಎಂಐ: ಈ ಕೇಬಲಿನಲ್ಲಿ ಡಿಸ್‌ಪ್ಲೇಪೋರ್ಟ್ ತುದಿ ಕಂಪ್ಯೂಟರಿಗೇ ಬರಬೇಕು. ಅಗ್ಗದವು ಫುಲ್ ಎಚ್‌ಡಿಗೆ ಅಥವಾ 4ಕೆ 30 ಹರ್ಟ್ಜ್‌ಗೆ ನಿಂತುಬಿಡುತ್ತವೆ. 4ಕೆ 60 ಬೇಕಿದ್ದರೆ ಪೊಟ್ಟಣದ ಮೇಲೆ ‘ಆಕ್ಟಿವ್’ ಮತ್ತು ‘4ಕೆ 60 ಹರ್ಟ್ಜ್’ ಎರಡೂ ಇರಲಿ. ಕೀಳುವಾಗ ಕೊಕ್ಕೆಯ ಗುಂಡಿ ಒತ್ತಿ ಕೀಳಿ. ಎಷ್ಟೋ ಜನ ಒತ್ತದೆ ಎಳೆದು ಪೋರ್ಟನ್ನೇ ಕಿತ್ತಿದ್ದಾರೆ.

ಸಿ-ಟೈಪ್ → ಎಚ್‌ಡಿಎಂಐ: ಕೇಬಲ್ ಆಗಬಹುದು, ಗಿಡ್ಡ ಅಡಾಪ್ಟರ್ ಆಗಬಹುದು. ಅಡಾಪ್ಟರ್ ಮೇಲು, ಉದ್ದ ಬದಲಾದರೆ ಎಚ್‌ಡಿಎಂಐ ಕೇಬಲ್ ಮಾತ್ರ ಬದಲಿಸಿದರಾಯಿತು. ಲ್ಯಾಪ್‌ಟಾಪಿಗೆ ಚಾರ್ಜು ಮಾಡಲೂ ಅದೇ ಒಂದೇ ಸಿ-ಟೈಪ್ ಇದ್ದರೆ ಚಾರ್ಜರ್ ಸಿಕ್ಕಿಸಲು ಪಕ್ಕದಲ್ಲೊಂದು ತೂತಿರುವುದನ್ನು ಕೊಳ್ಳಿ. ಇಲ್ಲದಿದ್ದರೆ ಕೌಟುಂಬಿಕ ಹಾಕಿಯ ನೇರಪ್ರಸಾರ ಕೊನೆಯ ಕ್ವಾರ್ಟರಿಗೆ ಬರುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ.

ಡಿವಿಐ → ಎಚ್‌ಡಿಎಂಐ: ಸಾದಾ ವೈರೇ ಸಾಕು, ಎರಡೂ ಡಿಜಿಟಲ್. ಧ್ವನಿ ಬರುತ್ತದೆಂದು ನೆಚ್ಚಬೇಡಿ. ಬರದಿದ್ದರೆ ಕಂಪ್ಯೂಟರಿಗೆ ಬೇರೆ ಸ್ಪೀಕರ್ ಹಾಕಿ.

ವಿಜಿಎ → ಎಚ್‌ಡಿಎಂಐ: ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಪರಿವರ್ತಿಸುವ ಚಿಪ್ಪು ಬೇಕು, ಆ ಚಿಪ್ಪಿಗೆ ಕರೆಂಟು ಬೇಕು. ಹಾಗಾಗಿ ಸರಿಯಾದ ಕನ್ವರ್ಟರಿಗೆ ಎರಡು ಬಾಲ ಇರುತ್ತವೆ: ಕರೆಂಟಿಗೆ ಯುಎಸ್‌ಬಿ, ಧ್ವನಿಗೆ 3.5 ಮಿಲಿಮೀಟರ್ ಆಡಿಯೊ ಪಿನ್. ಬಾಲವಿಲ್ಲದ್ದನ್ನು ಕೊಳ್ಳಬೇಡಿ. ಟಿವಿಯಲ್ಲೇ ‘ಪಿಸಿ ಇನ್’ ಎಂಬ ವಿಜಿಎ ತೂತು ಇದ್ದರೆ ಕನ್ವರ್ಟರ್ ಗೋಜು ಬೇಡ, ವಿಜಿಎ ಕೇಬಲ್ ಮತ್ತು ಒಂದು ಆಡಿಯೊ ವೈರು ಸಾಕು.

ಎಚ್‌ಡಿಎಂಐ → ಹಳದಿ-ಬಿಳಿ-ಕೆಂಪು: ‘ಎಚ್‌ಡಿಎಂಐ ಟು ಎವಿ’ ಎಂಬ ಪುಟ್ಟ ಡಬ್ಬಿ. ‘ಎವಿ ಟು ಎಚ್‌ಡಿಎಂಐ’ ಎಂಬ ಇನ್ನೊಂದು ಡಬ್ಬಿ ಅದರ ಅವಳಿಯಂತೆ ಕಾಣುತ್ತದೆ, ಕೆಲಸ ತದ್ವಿರುದ್ಧ. ಮೇಲೆ ಅಚ್ಚಾದ ಅಕ್ಷರ ಓದದೆ ದುಡ್ಡು ಕೊಡಬೇಡಿ. ಪಕ್ಕದ ಸ್ವಿಚ್ಚನ್ನು ‘ಪಾಲ್’ (ನಮ್ಮ ದೇಶದ ಹಳೆಯ ಟಿವಿ ಪದ್ಧತಿ) ಕಡೆಗೆ ಇಡಿ. ‘ಎನ್‌ಟಿಎಸ್‌ಸಿ’ ಕಡೆ ಇದ್ದರೆ ಹಳೆಯ ಟಿವಿಗಳಲ್ಲಿ ಬಣ್ಣ ಹೋಗುವುದು, ಚಿತ್ರ ಉರುಳುವುದು ಸಾಮಾನ್ಯ. ಸಿನಿಮಾ ನೋಡಬಹುದು, ಆದರೆ ಸಣ್ಣ ಅಕ್ಷರ ಓದಲಾಗದು. ಲೆಕ್ಕದ ಎಕ್ಸೆಲ್ ಹಾಳೆ ತೋರಿಸುವ ಆಸೆ ಬಿಡಿ.

ಒಂದು ಮಿತಿ ಗೊತ್ತಿರಲಿ. ದುಡ್ಡು ಕೊಟ್ಟು ನೋಡುವ ಒಟಿಟಿ ತಾಣಗಳು ನಕಲು ತಡೆಯಲು ಎಚ್‌ಡಿಸಿಪಿ ಎಂಬ ಬೀಗ ಇಟ್ಟಿರುತ್ತವೆ. ವಿಜಿಎ ಅಥವಾ ಎವಿ ದಾರಿಯಲ್ಲಿ ಆ ಬೀಗ ತೆರೆಯದೆ, ಯೂಟ್ಯೂಬ್ ಚೆನ್ನಾಗಿ ಬಂದು ಒಟಿಟಿ ಮಾತ್ರ ಕಪ್ಪಾಗಬಹುದು. ಅದು ಕೇಬಲಿನ ದೋಷವಲ್ಲ.

ಹಂತ 4: ದಾರ ಹಿಡಿದು ಉದ್ದ ಅಳೆಯಿರಿ

ಕಣ್ಣಳತೆ ಬೇಡ. ಟಿವಿಯ ಪೋರ್ಟಿನಿಂದ ಶುರುಮಾಡಿ, ವೈರು ನಿಜವಾಗಿ ಹೋಗುವ ದಾರಿಯಲ್ಲೇ, ಗೋಡೆ ಇಳಿದು, ಬಾಗಿಲ ಚೌಕಟ್ಟು ಸುತ್ತಿ, ಕಂಪ್ಯೂಟರಿನವರೆಗೆ ದಾರ ಹಾಯಿಸಿ. ದಾರವನ್ನು ಅಳೆದು ಅರ್ಧ ಮೀಟರ್ ಸೇರಿಸಿ. ಬಿಗಿಯಾಗಿ ಎಳೆದ ಕೇಬಲ್ ತನ್ನ ಭಾರಕ್ಕೇ ಪೋರ್ಟನ್ನು ಸಡಿಲ ಮಾಡುತ್ತದೆ. ಬೇಕಾದ್ದಕ್ಕಿಂತ ಬಹಳ ಉದ್ದದ್ದೂ ಬೇಡ, ಉದ್ದ ಹೆಚ್ಚಿದಷ್ಟೂ ಸಿಗ್ನಲ್ ಸೊರಗುತ್ತದೆ.

4ಕೆ 60 ಹರ್ಟ್ಜ್‌ಗೆ ಸಾದಾ ತಾಮ್ರದ ಕೇಬಲನ್ನು 5 ಮೀಟರಿನವರೆಗೆ ನಂಬಬಹುದು. ಫುಲ್ ಎಚ್‌ಡಿಗೆ ಒಳ್ಳೆಯ ದಪ್ಪ ಕೇಬಲ್ 10 ಮೀಟರ್ ದಾಟಿಸುತ್ತದೆ. 3 ಮೀಟರಿನ ಎರಡು ಕೇಬಲನ್ನು ಜಾಯಿಂಟರ್ ಹಾಕಿ ಕೂಡಿಸುವುದು ಹೆಚ್ಚು ಜನ ಮಾಡುವ ಉಪಾಯ, ಹೆಚ್ಚು ಕೈಕೊಡುವುದೂ ಅದೇ.

ಹೋಂಸ್ಟೇಯ ಕೌಂಟರಿನಿಂದ ಊಟದ ಹಾಲಿಗೋ, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಒಂದು ಕೋಣೆಯಿಂದ ದಪ್ಪ ಗೋಡೆ ದಾಟಿ ನಡುಮನೆಗೋ ಒಯ್ಯಬೇಕಾದರೆ ಎರಡು ದಾರಿ. ಮೊದಲನೆಯದು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್. ಒಳಗೆ ಫೈಬರ್ ಇರುವುದರಿಂದ 20, 30 ಮೀಟರಿಗೂ ಬಳಲುವುದಿಲ್ಲ. ಇದಕ್ಕೆ ದಿಕ್ಕಿದೆ: ‘ಸೋರ್ಸ್’ ತುದಿ ಕಂಪ್ಯೂಟರಿಗೆ, ‘ಡಿಸ್‌ಪ್ಲೇ’ ತುದಿ ಟಿವಿಗೆ. ಗೋಡೆಯೊಳಗೆ ತೂರಿಸಿ ಗಾರೆ ಬಳಿದ ಮೇಲೆ ತಲೆಕೆಳಗಾಗಿದೆ ಎಂದು ತಿಳಿದರೆ ಗೋಡೆ ಒಡೆಯಬೇಕು; ಆದ್ದರಿಂದ ಮೊದಲು ನೆಲದ ಮೇಲೇ ಹಾಸಿ ಚಿತ್ರ ನೋಡಿ, ಆಮೇಲೆ ತೂರಿಸಿ. ಚೂಪಾಗಿ ಮಡಚಿದರೆ ಫೈಬರ್ ಮುರಿಯುತ್ತದೆ, ಬೆಸುಗೆ ಹಾಕಿ ಸರಿಮಾಡಲು ಬರುವುದಿಲ್ಲ. ಎರಡನೆಯದು ಎಚ್‌ಡಿಎಂಐ ಎಕ್ಸ್‌ಟೆಂಡರ್: ಎರಡು ಡಬ್ಬಿ, ನಡುವೆ ಕ್ಯಾಟ್-6 ನೆಟ್‌ವರ್ಕ್ ಕೇಬಲ್. ಫುಲ್ ಎಚ್‌ಡಿಯನ್ನು 50 ಮೀಟರ್ ಒಯ್ಯುವ ಮಾದರಿಗಳಿವೆ. ನೆಟ್‌ವರ್ಕ್ ಕೇಬಲ್ ಇಲಿ ಕಡಿದರೂ ಬದಲಿಸುವುದು ಸುಲಭ, ಅಟ್ಟದ ಮೇಲೆ ಹಾಯಿಸುವ ಹಳೆಯ ಮನೆಗಳಿಗೆ ಇದೇ ವಾಸಿ.

ಪೈಪಿನೊಳಗೆ ಹಾಕುವವರು ಗಮನಿಸಿ: ಎಚ್‌ಡಿಎಂಐ ತಲೆಯೇ ಸುಮಾರು 2 ಸೆಂಟಿಮೀಟರ್ ಅಗಲ. ದೀಪದ ವೈರಿಂಗಿಗೆ ಹಾಕುವ ಮುಕ್ಕಾಲು ಇಂಚಿನ ಪೈಪಿನಲ್ಲಿ ಅದು ಹೋಗದು. ಒಂದೂವರೆ ಇಂಚಿನದು ಹಾಕಿಸಿ, ಮೂಲೆಯಲ್ಲಿ ಎಲ್ಬೋ ಬದಲು ಅಗಲ ಬಾಗಿನ ಬೆಂಡ್ ಕೊಡಿಸಿ. 230 ವೋಲ್ಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಂದೂ ಬೇಡ.

ಹಂತ 5: ದರ್ಜೆ ಆರಿಸಿ, ದುಡ್ಡು ಕೊಡಿ

ಫುಲ್ ಎಚ್‌ಡಿ 60 ಹರ್ಟ್ಜ್ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು. 4ಕೆ 30ಕ್ಕೆ ಸುಮಾರು 9, 4ಕೆ 60ಕ್ಕೆ ಸುಮಾರು 18. ಕೇಬಲಿನ ದರ್ಜೆ ಎಂದರೆ ಈ ಹರಿವನ್ನು ತಡೆದುಕೊಳ್ಳುವ ಶಕ್ತಿ. ‘ಹೈ ಸ್ಪೀಡ್’ ಎಂದಿರುವುದು 10 ಗಿಗಾಬಿಟ್ ಆಸುಪಾಸಿಗೆ, ‘ಪ್ರೀಮಿಯಂ ಹೈ ಸ್ಪೀಡ್’ 18ಕ್ಕೆ, ‘ಅಲ್ಟ್ರಾ ಹೈ ಸ್ಪೀಡ್’ 48ಕ್ಕೆ.

32 ಇಂಚಿನ ಸಾಧಾರಣ ಟಿವಿಗೆ ಹೈ ಸ್ಪೀಡ್ ಸಾಕು. 4ಕೆ ಟಿವಿಗೆ ಪ್ರೀಮಿಯಂ. 120 ಹರ್ಟ್ಜ್‌ನಲ್ಲಿ ಗೇಮ್ ಆಡುವವರಿಗೆ ಮಾತ್ರ ಅಲ್ಟ್ರಾ. ಉಳಿದವರಿಗೆ ಅದು ದುಂದು. ಪೊಟ್ಟಣದ ಮೇಲೆ ‘2.1 ಕೇಬಲ್’ ಎಂದಷ್ಟೇ ಇದ್ದರೆ ಮರುಳಾಗಬೇಡಿ. 1.4, 2.0, 2.1 ಎಂಬ ಅಂಕೆಗಳು ಟಿವಿ, ಕಂಪ್ಯೂಟರುಗಳಿಗೆ ಸೇರಿದವು. ಕೇಬಲಿಗೆ ಇರುವುದು ಮೇಲಿನ ಹೆಸರುಗಳೇ. ಪ್ರೀಮಿಯಂ ಮತ್ತು ಅಲ್ಟ್ರಾ ಪೊಟ್ಟಣಗಳ ಮೇಲೆ ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಚೀಟಿ ಅಂಟಿರಬೇಕು.

ಚಿನ್ನದ ಲೇಪದಿಂದ ಚಿತ್ರ ಚೆಂದವಾಗುವುದಿಲ್ಲ. ಆದರೆ ಚಿನ್ನಕ್ಕೆ ತುಕ್ಕಿಲ್ಲ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಅಷ್ಟಕ್ಕಾದರೂ ಅದಕ್ಕೊಂದು ಬೆಲೆ ಇದೆ.

ಹಂತ 6: ಸಿಕ್ಕಿಸುವ ಮೊದಲು ಕರೆಂಟಿನ ಕಡೆ ನೋಡಿ

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಎನ್ನುತ್ತದೆಯೇ? ಅದು ಅರ್ಥಿಂಗ್ ಇಲ್ಲದ ಪ್ಲಗ್ ಪಾಯಿಂಟಿನ, ಅಥವಾ ಎರಡು ಪಿನ್ನಿನ ಚಾರ್ಜರಿನ ಲಕ್ಷಣ. ಟಿವಿಯೂ ಕಂಪ್ಯೂಟರೂ ಬೇರೆ ಬೇರೆ ಪಾಯಿಂಟಿನಲ್ಲಿದ್ದು, ಒಂದಕ್ಕೆ ಅರ್ಥಿಂಗ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಕೇಬಲ್ ಮುಟ್ಟಿಸಿದ ಗಳಿಗೆಯಲ್ಲೇ ಆ ವ್ಯತ್ಯಾಸ ಎಚ್‌ಡಿಎಂಐ ಮೂಲಕ ಹಾಯುತ್ತದೆ. ಪೋರ್ಟ್ ಸುಡುವುದು ಹೀಗೂ ಉಂಟು. ಎರಡನ್ನೂ ಒಂದೇ ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ತೋಟದ ಮನೆಯಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿರುತ್ತದೆ, ಎಲೆಕ್ಟ್ರಿಷಿಯನ್ ಕರೆದು ಪರೀಕ್ಷಿಸಿ.

ಸಿಡಿಲು ಇನ್ನೊಂದು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಿಂದ ಮುಂಗಾರು ಹಿಡಿಯುವ ತನಕ, ಮತ್ತೆ ಹಿಂಗಾರಿನಲ್ಲಿ, ಮಧ್ಯಾಹ್ನದ ಮೇಲೆ ಗುಡುಗು ಇದ್ದದ್ದೇ. ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲಷ್ಟೇ ಅಲ್ಲ, ಡಿಷ್ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ನಿಮ್ಮ ಲ್ಯಾಪ್‌ಟಾಪಿಗೂ ಬರುತ್ತದೆ. ಪ್ಲಗ್ ಕಿತ್ತು ಎಚ್‌ಡಿಎಂಐ ಬಿಟ್ಟರೆ ಅರ್ಧ ಕೆಲಸ. ಮೋಡ ಕಟ್ಟಿದಾಗಲೇ, ಗುಡುಗು ದೂರವಿರುವಾಗಲೇ, ಪ್ಲಗ್, ಡಿಷ್ ವೈರು, ಎಚ್‌ಡಿಎಂಐ ಮೂರನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದಮೇಲೆ ವೈರು ಮುಟ್ಟಬೇಡಿ.

ಹಂತ 7: ಜೋಡಿಸುವ ಕ್ರಮ

1. ಟಿವಿಯನ್ನೂ ಕಂಪ್ಯೂಟರನ್ನೂ ಪೂರ್ತಿ ಆಫ್ ಮಾಡಿ.

2. ಮೊದಲು ಟಿವಿ ತುದಿ ಸಿಕ್ಕಿಸಿ, ಆಮೇಲೆ ಕಂಪ್ಯೂಟರ್ ತುದಿ. ಅಗಲದ ಬದಿ ಮೇಲೋ ಕೆಳಗೋ ಎಂದು ಟಾರ್ಚು ಬಿಟ್ಟು ನೋಡಿ, ನೇರಕ್ಕೆ ತಳ್ಳಿ. ಬಲ ಬೇಕಾದರೆ ನಿಲ್ಲಿಸಿ, ತಲೆಕೆಳಗಾಗಿ ಹಿಡಿದಿದ್ದೀರಿ.

3. ಕನ್ವರ್ಟರ್ ಇದ್ದರೆ ಅದರ ಯುಎಸ್‌ಬಿ ಬಾಲಕ್ಕೆ ಕರೆಂಟು ಕೊಡಿ. ಟಿವಿಯ ಯುಎಸ್‌ಬಿಯಲ್ಲಿ ಶಕ್ತಿ ಸಾಲದಿದ್ದರೆ ಮೊಬೈಲ್ ಚಾರ್ಜರ್ ಬಳಸಿ.

4. ಟಿವಿ ಹಾಕಿ, ರಿಮೋಟಿನ ‘ಸೋರ್ಸ್’ ಅಥವಾ ‘ಇನ್‌ಪುಟ್’ ಗುಂಡಿ ಒತ್ತಿ, ನೀವು ಸಿಕ್ಕಿಸಿದ ಪೋರ್ಟಿನ ಸಂಖ್ಯೆಯನ್ನೇ ಆರಿಸಿ.

5. ಕೊನೆಗೆ ಕಂಪ್ಯೂಟರ್ ಹಾಕಿ. ಟಿವಿ ತನಗೆ ಯಾವ ಅಳತೆಯ ಚಿತ್ರ ಬೇಕೆಂದು ಕೇಬಲ್ ಮೂಲಕವೇ ಹೇಳುತ್ತದೆ. ಅದು ಎಚ್ಚರವಿಲ್ಲದಿದ್ದರೆ ಕೆಲವು ಹಳೆಯ ಕಂಪ್ಯೂಟರುಗಳು ಚಿತ್ರವನ್ನೇ ಕಳಿಸುವುದಿಲ್ಲ.

ಹಂತ 8: ಪರದೆ, ಧ್ವನಿ, ಅಂಚು

ವಿಂಡೋಸ್ ಕೀ ಹಿಡಿದು ‘ಪಿ’ ಒತ್ತಿ. ‘ಡುಪ್ಲಿಕೇಟ್’ ಎಂದರೆ ಎರಡೂ ಕಡೆ ಒಂದೇ ಚಿತ್ರ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂದರೆ ಟಿವಿಯಲ್ಲಿ ಮಾತ್ರ, ಸಿನಿಮಾಕ್ಕೆ ಇದೇ ಸರಿ. ಡುಪ್ಲಿಕೇಟಿನಲ್ಲಿ ಲ್ಯಾಪ್‌ಟಾಪಿನ ಕಡಿಮೆ ರೆಸಲ್ಯೂಶನ್ನಿಗೆ ಟಿವಿಯೂ ಇಳಿದುಬಿಡಬಹುದು.

ಧ್ವನಿ ಲ್ಯಾಪ್‌ಟಾಪಿನಲ್ಲೇ ಬರುತ್ತಿದ್ದರೆ ಮೂಲೆಯ ಸ್ಪೀಕರ್ ಗುರುತು ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರನ್ನು ಆರಿಸಿ.

ಚಿತ್ರದ ಅಂಚು ಕತ್ತರಿಸಿ, ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯವಾಗಿದ್ದರೆ ಕಂಪ್ಯೂಟರ್ ಮುಟ್ಟಬೇಡಿ. ಟಿವಿಯ ಚಿತ್ರ-ಅಳತೆಯಲ್ಲಿ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’, ‘ಫುಲ್ ಪಿಕ್ಸೆಲ್’ ಎಂಬ ಹೆಸರುಗಳಲ್ಲಿ ಯಾವುದಿದೆಯೋ ಅದನ್ನು ಹಾಕಿ. ಅಕ್ಷರಗಳ ಸುತ್ತ ಬಣ್ಣದ ಮಬ್ಬು ಇದ್ದರೆ ಆ ಇನ್‌ಪುಟ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಿಸಿ, ಹಲವು ಟಿವಿಗಳು ಅಷ್ಟಕ್ಕೇ ಅಕ್ಷರ ತಿದ್ದಿಕೊಳ್ಳುತ್ತವೆ.

4ಕೆ ಟಿವಿಯಲ್ಲಿ ಮೌಸ್ ಎಳೆದಾಗ ತಡವರಿಸಿದರೆ ಅದು 30 ಹರ್ಟ್ಜ್‌ನಲ್ಲಿ ನಿಂತಿದೆ. ಟಿವಿಯ ಸೆಟ್ಟಿಂಗಿನಲ್ಲಿ ಆ ಪೋರ್ಟಿನ ಪೂರ್ಣ ವೇಗ ತೆರೆಯಬೇಕು: ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’. ಆಮೇಲೆ ವಿಂಡೋಸಿನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 60 ಆರಿಸಿ.

ಲಕ್ಷಣ ನೋಡಿ ದೋಷ ಹಿಡಿಯುವುದು

‘ನೋ ಸಿಗ್ನಲ್’ ಎಂದು ಬಂದರೆ ಕ್ರಮವಾಗಿ: ಇನ್‌ಪುಟ್ ಸಂಖ್ಯೆ ಸರಿಯೇ, ಕೇಬಲಿನ ದಿಕ್ಕು ಸರಿಯೇ, ಟಿವಿಯ ಬೇರೆ ಪೋರ್ಟಿನಲ್ಲಿ ಬರುತ್ತದೆಯೇ. ಅದೇ ಕೇಬಲನ್ನು ಸೆಟ್‌ಟಾಪ್ ಬಾಕ್ಸಿಗೆ ಹಾಕಿ ನೋಡಿ. ಅಲ್ಲಿ ಚಿತ್ರ ಬಂದರೆ ಕೇಬಲ್ ನಿರಪರಾಧಿ, ಕಂಪ್ಯೂಟರಿನ ಪೋರ್ಟನ್ನು ಶಂಕಿಸಿ.

ಪರದೆಯ ಮೇಲೆ ಬಿಳಿ ಚುಕ್ಕಿಗಳು ಮಿನುಗುವುದು, ಆಗೊಮ್ಮೆ ಈಗೊಮ್ಮೆ ಒಂದೆರಡು ಸೆಕೆಂಡ್ ಕಪ್ಪಾಗುವುದು ಕೇಬಲ್ ದರ್ಜೆ ಸಾಲದ, ಅಥವಾ ಉದ್ದ ಹೆಚ್ಚಾದ ಗುರುತು. 60 ಹರ್ಟ್ಜ್‌ನಿಂದ 30ಕ್ಕೆ ಇಳಿಸಿ ನೋಡಿ. ಚುಕ್ಕಿ ನಿಂತರೆ ಗುಮಾನಿ ನಿಜ, ಗಿಡ್ಡ ಅಥವಾ ಮೇಲ್ದರ್ಜೆಯ ಕೇಬಲ್ ತನ್ನಿ. ವೈರು ಅಲುಗಿಸಿದಾಗ ಮಾತ್ರ ಚಿತ್ರ ಬಂದು ಹೋದರೆ ಪೋರ್ಟಿನ ಬೆಸುಗೆ ಬಿಟ್ಟಿರಬಹುದು. ಕಾಗದ ತುರುಕಿ ನಿಲ್ಲಿಸುವ ಉಪಾಯ ಬೇಡ, ರಿಪೇರಿಗೆ ಕೊಡಿ.

ಮಳೆಗಾಲದ ನಿಗಾ

ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಜಡಿಮಳೆಯ ತಿಂಗಳು) ಹೊತ್ತಿಗೆ ಬಳಸದೆ ಬಿಟ್ಟ ಕೇಬಲ್ ತುದಿಗೆ ಹಸಿರು ಪೊರೆ, ಪೋರ್ಟಿನೊಳಗೆ ಬೂಷ್ಟು ಕಾಣಿಸುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವವೇ ಒಳಗೆ ಕೂರುತ್ತದೆ. ಒಣ ಬ್ರಷ್ಷಿನಿಂದ ಕೆಡವಿ. ಹೋಗದಿದ್ದರೆ ಕರೆಂಟು ಕಿತ್ತು, ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣವನ್ನು ಕೇಬಲ್ ತುದಿಗೆ ಸವರಿ, ಪೂರ್ತಿ ಆರಿದ ಮೇಲೆ ಹಾಕಿ. ಕನ್ವರ್ಟರ್, ಅಡಾಪ್ಟರುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕೇಬಲನ್ನು ಅಗಲ ಸುರುಳಿಯಾಗಿ ಸುತ್ತಿಡಿ, ಆದರೆ ಒಲೆಯ ಮೇಲಿನ ಅಟ್ಟದಲ್ಲಿ ಬೇಡ. ಅಲ್ಲಿ ತೇವ ಇಲ್ಲವೆಂಬುದು ನಿಜ, ಆದರೆ ಶಾಖಕ್ಕೆ ಹೊರಪದರ ಗಡುಸಾಗಿ ಬಾಗಿಸಿದಲ್ಲಿ ಸೀಳುತ್ತದೆ.